ಎಪ್ಪತ್ತು ಮೀಟರ್ ಲಾಡಿ: ಮನುಷ್ಯನ ಇತಿಹಾಸವನ್ನು ಅಳೆದು ಹೊಲಿಯುವ ಬಗೆ

ಇಪ್ಪತ್ತಾರು ವರ್ಷದಿಂದ ಬಟ್ಟೆ ಹೊಲಿಯುವುದೇ ನನ್ನ ಕೆಲಸ. ಇತಿಹಾಸವನ್ನು ಕಾಲೇಜಿನಲ್ಲಿ ಕಲಿತವಳಲ್ಲ. ಮಗಳು ಆರನೇ ತರಗತಿಯಲ್ಲಿದ್ದಾಗ ಪಾಠ ಒಪ್ಪಿಸಿಕೊಳ್ಳಲು ಕೂತವಳು ಹಾಗೇ ಆ ವಿಷಯಕ್ಕೆ ಅಂಟಿಕೊಂಡೆ. ಒಂದು ಸಂಜೆ ಅವಳು ಪುಸ್ತಕದಿಂದ ತಲೆಯೆತ್ತಿ, "ಅಮ್ಮ, ಮೂವತ್ತೆರಡು ಲಕ್ಷ ವರ್ಷ ಅಂದ್ರೆ ಎಷ್ಟು?" ಅಂತ ಕೇಳಿದಳು. ಸಂಖ್ಯೆಯನ್ನು ಬರೆದು ತೋರಿಸಿದೆ. ಸೊನ್ನೆಗಳನ್ನು ಎಣಿಸಿದ್ದಾಯಿತು. ಆದರೂ ಎಷ್ಟು ಅನ್ನುವುದು ಅವಳಿಗೂ ಕಣ್ಣಿಗೆ ಕಟ್ಟಲಿಲ್ಲ, ನನಗೂ ಕಟ್ಟಲಿಲ್ಲ. ಯಾವುದಾದರೂ ಎಷ್ಟುದ್ದ ಅಂತ ತಿಳಿಯದಿದ್ದರೆ ನನಗೆ ಗೊತ್ತಿರುವ ದಾರಿ ಒಂದೇ, ಕೊರಳಲ್ಲಿ ನೇತಾಡುವ ಟೇಪನ್ನು ತೆಗೆದು ಅಳೆಯುವುದು.

ಅಂದು ಶುರುವಾದ ಲಾಡಿಗೆ ಈಗ ಎಂಟು ವರ್ಷ. ಎಷ್ಟೋ ಕಡೆ ಬಿಚ್ಚಿ ಮತ್ತೆ ಹೊಲಿದಿದ್ದೇನೆ. ಮಕ್ಕಳಿಗೆ ಹೇಳಿಕೊಡುವವರು, ಇಲ್ಲವೇ ತಮಗಾಗಿಯೇ ಓದಿ ತಿಳಿಯಬೇಕೆನ್ನುವವರು ಇದನ್ನು ಮಾಡಿಕೊಳ್ಳಬಹುದು. ಹೊಲಿಗೆ ಬಾರದವರು ಅಂಟು ಹಾಕಬಹುದು, ಪಿನ್ನು ಚುಚ್ಚಬಹುದು. ಆದರೆ ಬಿಚ್ಚಲು ಬರುವಂತಿರಲಿ. ಅದೇಕೆ ಅಂತ ಮುಂದೆ ಹೇಳುತ್ತೇನೆ.

ಅಳತೆ ಮತ್ತು ಸಾಮಾನು

1 ಸೆಂ.ಮೀ.ಗೆ 1,000 ವರ್ಷ ಅಂತ ಇಟ್ಟುಕೊಳ್ಳಿ. ಆಗ 1 ಮೀಟರಿಗೆ 1 ಲಕ್ಷ ವರ್ಷ. ಮನುಷ್ಯರ ಕವಲು ಚಿಂಪಾಂಜಿಗಳ ಕವಲಿನಿಂದ ಬೇರೆಯಾದ ಹೊತ್ತಿನವು ಎನ್ನಬಹುದಾದ ಪಳೆಯುಳಿಕೆಗಳಿಗೆ ಸುಮಾರು 70 ಲಕ್ಷ ವರ್ಷ. ಅಂದರೆ 70 ಮೀಟರ್ ಬೇಕು. ನಾನು ಅರ್ಧ ಇಂಚು ಅಗಲದ ಬಿಳಿ ಹತ್ತಿ ಲಾಡಿ 75 ಮೀಟರ್ ತೆಗೆದುಕೊಂಡೆ. ಹೆಚ್ಚಿನ 5 ಮೀಟರ್ ಹಿಂದಿನ ತುದಿಯಲ್ಲಿ ಖಾಲಿಯಾಗಿಯೇ ಇರುತ್ತದೆ. ಇನ್ನೂ ಹಳೆಯದೇನಾದರೂ ಸಿಕ್ಕರೆ ಜಾಗ ಬೇಕಲ್ಲ. ಬಟ್ಟೆ ಕತ್ತರಿಸುವಾಗ ಒಳಗೆ ಹೊಲಿಗೆಗೆ ಬಿಡುವ ಅಂಚಿನ ಹಾಗೆ ಅದು.

ಗುರುತು ಹಾಕುವ ಮೊದಲು ಲಾಡಿಯನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ. ಹತ್ತಿ ಕುಗ್ಗುತ್ತದೆ. ಗುರುತು ಹಾಕಿದ ಮೇಲೆ ಕುಗ್ಗಿದರೆ ಎಲ್ಲ ಅಳತೆಯೂ ಕೆಡುತ್ತದೆ. ತುಂಡುಗಳನ್ನು ಜೋಡಿಸುವುದಿದ್ದರೆ ಮೊದಲು ಜೋಡಿಸಿ, ಆಮೇಲೆ ಅಳೆಯಿರಿ. ಒಂದು ತುಂಡಿನ ಮೇಲೆ ಇನ್ನೊಂದು ಕೂರುವಲ್ಲಿ 1 ಸೆಂ.ಮೀ. ಹೋಯಿತೆಂದರೆ 1,000 ವರ್ಷ ಹೋದ ಹಾಗೆ. ಮೇಜಿನ ಅಂಚಿನಲ್ಲಿ ಸರಿಯಾಗಿ 1 ಮೀಟರಿಗೆ ಎರಡು ಗೆರೆ ಎಳೆದುಕೊಂಡು, ಲಾಡಿಯನ್ನು ಎಳೆಯದೆ ಬರಿದೆ ಹಾಸಿ, ಮೀಟರಿಗೊಂದು ಗುರುತು ಹಾಕುತ್ತ ಹೋಗಿ. ಪ್ರತಿ ಗುರುತಿನ ಮೇಲೂ ಸಂಖ್ಯೆ ಬರೆಯಿರಿ: 1 ಲಕ್ಷ, 2 ಲಕ್ಷ, 3 ಲಕ್ಷ. ಸೊನ್ನೆ ಎಂದರೆ ಇವತ್ತು.

ಒಂದು ಮಾತು. ನಾವು ದಿನವೂ ಬಳಸುವ ಹೊಲಿಗೆ ಟೇಪಿನ ಉದ್ದ 150 ಸೆಂ.ಮೀ. ಈ ಅಳತೆಯಲ್ಲಿ ಅದು ಒಂದೂವರೆ ಲಕ್ಷ ವರ್ಷ. ನಮ್ಮ ಜಾತಿಯ, ಅಂದರೆ ಹೋಮೋ ಸೇಪಿಯನ್ಸ್ ಎಂಬ ನಮ್ಮ ಸ್ವಂತ ಜೀವಜಾತಿಯ ವಯಸ್ಸಿನ ಸುಮಾರು ಅರ್ಧವನ್ನಷ್ಟೇ ಅದು ಮುಟ್ಟುತ್ತದೆ. ಲಾಡಿ ಹಾಸುವ ಮೊದಲೇ ಟೇಪನ್ನು ಮಗುವಿನ ಕೈಗೆ ಕೊಟ್ಟು ಇಷ್ಟನ್ನು ಹೇಳಿಬಿಡಿ.

ಎರಡು ಬಗೆಯ ಹೊಲಿಗೆ

ಚೀಟಿಗೆ ಬಿಳಿ ಬಟ್ಟೆಯ ತುಂಡುಗಳನ್ನು ಕತ್ತರಿಸಿಕೊಳ್ಳಿ. ಪ್ರತಿ ಚೀಟಿಯಲ್ಲೂ ಮೂರು ಸಂಗತಿ ಇರಬೇಕು: ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಅದರ ಕಾಲ ಹೇಗೆ ಗೊತ್ತಾಯಿತು. ಮೂರನೆಯದು ಇಲ್ಲದ ಚೀಟಿಯನ್ನು ಲಾಡಿಗೆ ಹಚ್ಚಬೇಡಿ. ಈ ನಿಯಮವನ್ನು ನಾನು ಕಲಿತದ್ದು ಪಿಲ್ಟ್‌ಡೌನ್ ಬುರುಡೆಯ ಕಥೆ ಓದಿದ ಮೇಲೆ. 1912ರಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕಿತೆಂದು ತೋರಿಸಿದ ಆ ಬುರುಡೆಯನ್ನು ದೊಡ್ಡ ದೊಡ್ಡವರೆಲ್ಲ ನಂಬಿದರು. ಮನುಷ್ಯನ ಬುರುಡೆಗೆ ಒರಾಂಗುಟಾನಿನ ದವಡೆ ಸೇರಿಸಿ, ಬಣ್ಣ ಹಚ್ಚಿ, ಹಲ್ಲು ಅರೆದು ಮಾಡಿದ ಮೋಸ ಅದು ಎಂದು ಬಯಲಾದದ್ದು 1953ರಲ್ಲಿ. ನಲವತ್ತೊಂದು ವರ್ಷ ಅದು ತನ್ನದಲ್ಲದ ಜಾಗದಲ್ಲಿ ಕೂತಿತ್ತು.

ಕಾಲ ಗಟ್ಟಿಯಾಗಿ ಗೊತ್ತಿರುವ ಚೀಟಿಗೆ ಮಷಿನ್ ಹೊಲಿಗೆ ಹಾಕಿ. ವಿದ್ವಾಂಸರಲ್ಲೇ ಒಮ್ಮತವಿಲ್ಲದ್ದಕ್ಕೆ ಕಚ್ಚಾ ಹೊಲಿಗೆ, ಅಂದರೆ ಅಳತೆ ನೋಡಲು ಕೊಡುವ ಬಟ್ಟೆಗೆ ಹಾಕುತ್ತೇವಲ್ಲ, ಒಂದೆಳೆ ಎಳೆದರೆ ಬಿಚ್ಚಿಕೊಳ್ಳುವ ಉದ್ದುದ್ದ ಹೊಲಿಗೆ, ಅದು. ಮಗುವಿಗೆ ಇದಕ್ಕಿಂತ ಚೆನ್ನಾಗಿ ವಿಜ್ಞಾನ ಹೇಗೆ ನಡೆಯುತ್ತದೆಂದು ತೋರಿಸುವ ದಾರಿ ನನಗೆ ಗೊತ್ತಿಲ್ಲ. ದಾರದ ಬಣ್ಣವೂ ಬೇರೆ ಬೇರೆ ಇರಲಿ: ಮೂಳೆಗೆ ಕೆಂಪು, ಕಲ್ಲಿಗೆ ಕಪ್ಪು, ಡಿಎನ್‌ಎಗೆ ನೀಲಿ, ಬೆಳೆಗೆ ಹಸಿರು, ನೂಲು-ಬಟ್ಟೆಗೆ ಹಳದಿ. ಕೊನೆಯದು ನನ್ನ ಆಸೆಗೆ ಸೇರಿಸಿದ್ದು.

ಕಾಲ ತಿಳಿಯುವ ಬಗೆಗಳಲ್ಲಿ ಎರಡನ್ನು ಮೊದಲೇ ತಿಳಿದುಕೊಂಡರೆ ಸಾಕು. ಒಂದು ಕಾಲದಲ್ಲಿ ಜೀವವಿದ್ದ ಮರ, ಮೂಳೆ, ಬಟ್ಟೆಗಳಲ್ಲಿ ಇಂಗಾಲ-14 ಇರುತ್ತದೆ. ಸತ್ತ ಮೇಲೆ ಅದು 5,730 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತ ಹೋಗುತ್ತದೆ. ಇದನ್ನು ಅಳೆಯುವುದನ್ನು 1940ರ ದಶಕದ ಕೊನೆಯಲ್ಲಿ ವಿಲ್ಲರ್ಡ್ ಲಿಬ್ಬಿ ಕಂಡುಹಿಡಿದರು. ಆದರೆ ಸುಮಾರು 50,000 ವರ್ಷಕ್ಕೆ ಅಳೆಯುವಷ್ಟು ಇಂಗಾಲ-14 ಉಳಿದಿರುವುದಿಲ್ಲ. ನಮ್ಮ ಲಾಡಿಯಲ್ಲಿ ಅದು ಕೊನೆಯ 50 ಸೆಂ.ಮೀ. ಮಾತ್ರ. ಅಲ್ಲಿ ಒಂದು ಅಡ್ಡಗೆರೆ ಎಳೆದುಬಿಡಿ. ಅದರಾಚೆಗಿನ ಅರವತ್ತೊಂಬತ್ತೂವರೆ ಮೀಟರಿಗೆ ಬೇರೆ ದಾರಿಗಳು ಬೇಕು. ಪೂರ್ವ ಆಫ್ರಿಕಾದಲ್ಲಿ ಅದೃಷ್ಟಕ್ಕೆ ಜ್ವಾಲಾಮುಖಿಗಳಿದ್ದವು. ಬೂದಿಯ ಪದರದಲ್ಲಿರುವ ಪೊಟ್ಯಾಸಿಯಂ ನಿಧಾನವಾಗಿ ಆರ್ಗಾನ್ ಅನಿಲವಾಗುತ್ತದೆ, ಅದನ್ನು ಅಳೆದು ಬೂದಿಯ ವಯಸ್ಸು ಹೇಳುತ್ತಾರೆ. ಮೂಳೆಯ ಕೆಳಗಿನ ಪದರ, ಮೇಲಿನ ಪದರ ಎರಡರ ವಯಸ್ಸೂ ಸಿಕ್ಕರೆ ಮೂಳೆ ಆ ನಡುವಿನದು.

ಹಿಂದಿನ ತುದಿಯಿಂದ ನಡೆದು ಬನ್ನಿ

ಲಾಡಿಯನ್ನು ಹಾಸಲು ಜಾಗವಿಲ್ಲದಿದ್ದರೆ ಹತ್ತು ಹತ್ತು ಮೀಟರಿಗೆ ಮಡಿಸಿ ಹಾವಿನ ಹಾಗೆ ಹಾಸಬಹುದು. ಆದರೆ ಒಮ್ಮೆಯಾದರೂ ಬಯಲಲ್ಲಿ ನೇರ ಹಾಸಿ 70 ಮೀಟರನ್ನೂ ನಡೆಯಿರಿ.

70ನೇ ಮೀಟರಿಗೆ ಚಾಡ್ ದೇಶದ ಮರುಭೂಮಿಯಲ್ಲಿ 2001ರಲ್ಲಿ ಸಿಕ್ಕ ಬುರುಡೆ, ಸಹೆಲಾಂತ್ರೋಪಸ್. ಅದು ಎರಡು ಕಾಲಲ್ಲಿ ನಡೆಯುತ್ತಿತ್ತೇ ಎಂಬುದರ ಮೇಲೆ ಈಗಲೂ ವಾದವಿದೆ, ಹಾಗಾಗಿ ಕಚ್ಚಾ ಹೊಲಿಗೆ. 44ನೇ ಮೀಟರಿಗೆ ಇಥಿಯೋಪಿಯಾದ ಆರ್ಡಿ ಎಂಬ ಹೆಸರಿನ ಅಸ್ಥಿಪಂಜರ. ಇವೆರಡರ ನಡುವೆ ಇಪ್ಪತ್ತಾರು ಮೀಟರಿನಲ್ಲಿ ಚೀಟಿಗಳು ಬಲು ವಿರಳ. ಆ ಖಾಲಿಯನ್ನು ಖಾಲಿಯಾಗಿಯೇ ಬಿಡಿ, ಚಿತ್ರ ಬರೆದು ತುಂಬಬೇಡಿ.

36 ಮೀಟರ್ 60 ಸೆಂ.ಮೀ.ಗೆ ನನಗೆ ಅತ್ಯಂತ ಪ್ರಿಯವಾದ ಚೀಟಿ. ಟಾಂಜಾನಿಯಾದ ಲೇಟೋಲಿಯಲ್ಲಿ ಜ್ವಾಲಾಮುಖಿಯ ಬೂದಿ ಬಿದ್ದಿತ್ತು. ಮೇಲೆ ಸಣ್ಣ ಮಳೆ ಬಂತು. ಹಸಿ ಬೂದಿಯ ಮೇಲೆ ಯಾರೋ ಜೊತೆಯಾಗಿ ನಡೆದು ಹೋದರು. ಬೂದಿ ಗಟ್ಟಿಯಾಯಿತು, ಮತ್ತೆ ಬೂದಿ ಮುಚ್ಚಿತು. 1978ರಲ್ಲಿ ಮೇರಿ ಲೀಕಿಯವರ ತಂಡ ಅದನ್ನು ಬಿಡಿಸಿ ನೋಡಿದಾಗ ಹಿಮ್ಮಡಿ, ಅಂಗಾಲಿನ ಕಮಾನು, ನೇರವಾಗಿ ಮುಂದಕ್ಕೆ ಚಾಚಿದ ಹೆಬ್ಬೆರಳು ಎಲ್ಲವೂ ಇದ್ದವು. ಸುಮಾರು 27 ಮೀಟರ್ ಉದ್ದದ ಹೆಜ್ಜೆಸಾಲು. ಇಲ್ಲಿ ಮಗಳನ್ನು ನಿಲ್ಲಿಸಿ, ಒದ್ದೆ ಕಾಲಲ್ಲಿ ನೆಲದ ಮೇಲೆ ನಡೆಸಿದೆ. ಅವಳ ಹೆಜ್ಜೆ ನೋಡಿ, ಲೇಟೋಲಿಯ ಚಿತ್ರ ನೋಡಿ, ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

32ನೇ ಮೀಟರಿಗೆ ಲೂಸಿ, ಮಗಳು ಕೇಳಿದ ಮೂವತ್ತೆರಡು ಲಕ್ಷ. 1974ರಲ್ಲಿ ಇಥಿಯೋಪಿಯಾದ ಹಾದಾರ್‌ನಲ್ಲಿ ಡೊನಾಲ್ಡ್ ಜೊಹಾನ್ಸನ್ ತಂಡಕ್ಕೆ ಸಿಕ್ಕ ಅಸ್ಥಿಪಂಜರ, ಸುಮಾರು ಶೇ. 40 ಭಾಗ ಉಳಿದಿತ್ತು. ಎತ್ತರ ಸುಮಾರು 1.1 ಮೀಟರ್. ಸೊಂಟ, ಮೊಣಕಾಲುಗಳು ನಡೆಯುವವರವು, ಮಿದುಳು ಮಾತ್ರ ಚಿಂಪಾಂಜಿಯದಕ್ಕಿಂತ ಹೆಚ್ಚೇನೂ ದೊಡ್ಡದಲ್ಲ. ಮೊದಲು ನಡೆದರು, ತಲೆ ದೊಡ್ಡದಾದದ್ದು ಬಹಳ ಆಮೇಲೆ. ಪಿಲ್ಟ್‌ಡೌನ್ ನಂಬಿದವರು ಇದನ್ನೇ ತಿರುಗುಮುರುಗು ಮಾಡಿಕೊಂಡಿದ್ದರು.

33ನೇ ಮೀಟರಿಗೆ ಕೀನ್ಯಾದ ಲೊಮೆಕ್ವಿಯ ಕಲ್ಲಿನ ಸಾಧನಗಳನ್ನು ಕಚ್ಚಾ ಹೊಲಿಗೆಯಲ್ಲಿ, 26ಕ್ಕೆ ಇಥಿಯೋಪಿಯಾದ ಗೋನಾದವನ್ನು ಗಟ್ಟಿ ಹೊಲಿಗೆಯಲ್ಲಿ ಹಚ್ಚಿ. 18ನೇ ಮೀಟರಿನ ಹತ್ತಿರ ಜಾರ್ಜಿಯಾ ದೇಶದ ದ್ಮಾನಿಸಿ. ಆಫ್ರಿಕಾದ ಹೊರಗೆ ಆ ಹೊತ್ತಿಗೇ ಮನುಷ್ಯರಿದ್ದರು. 17 ಮೀಟರ್ 60 ಸೆಂ.ಮೀ.ಗೆ ಕೀನ್ಯಾದಲ್ಲಿ ಸಿಕ್ಕ ಕೈಗೊಡಲಿ, ಎರಡೂ ಮುಖ ಕೆತ್ತಿದ ಬಾದಾಮಿಯಾಕಾರದ ಕಲ್ಲು. ಇಲ್ಲಿಂದ ಸುಮಾರು 3ನೇ ಮೀಟರಿನ ತನಕ ಒಂದು ಕಪ್ಪು ದಾರವನ್ನು ಬಿಡದೆ ಹಾಯಿಸಿ. ಹದಿನಾಲ್ಕು ಮೀಟರಿಗೂ ಹೆಚ್ಚು ದೂರ ಅದೇ ನಮೂನೆ. ನಾನು ಕಲಿತ ಕುಪ್ಪಸದ ಕಟಿಂಗ್ ನನ್ನ ಕಣ್ಣೆದುರೇ ನಾಲ್ಕು ಸಲ ಬದಲಾಗಿದೆ. ಹದಿನಾಲ್ಕು ಲಕ್ಷ ವರ್ಷ ಒಂದೇ ಆಕಾರವನ್ನು ಕೈಯಿಂದ ಕೈಗೆ ದಾಟಿಸಿದವರನ್ನು ದಡ್ಡರು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನೋಡಿ ಕಲಿಯುವುದು, ಕಲಿಸುವುದು ಅಷ್ಟು ದೂರದಿಂದ ನಡೆದುಬಂದಿದೆ.

10ನೇ ಮೀಟರಿಗೆ ಬೆಂಕಿ. ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೆಯಲ್ಲಿ, ಬಾಯಿಯಿಂದ ಸುಮಾರು 30 ಮೀಟರ್ ಒಳಗೆ, ಸುಟ್ಟ ಮೂಳೆಯ ಚೂರುಗಳು ಮತ್ತು ಗಿಡಗಳ ಬೂದಿ ಸಿಕ್ಕಿವೆ. ಅಷ್ಟು ಒಳಗೆ ಸಿಡಿಲಿನ ಬೆಂಕಿ ಹೋಗುವುದಿಲ್ಲ.

ಏಣಿ ಅಲ್ಲ, ಎಳೆಗಳು

ಇಷ್ಟಾದ ಮೇಲೆ ಒಂದು ತಿದ್ದುಪಡಿ ಆಗಲೇಬೇಕು. ಒಂದೇ ಲಾಡಿಯ ಮೇಲೆ ಒಂದಾದ ಮೇಲೊಂದು ಚೀಟಿ ಹಚ್ಚಿದರೆ ಒಬ್ಬರು ಇನ್ನೊಬ್ಬರಾಗಿ ಬದಲಾದರು ಎಂಬಂತೆ ಕಾಣುತ್ತದೆ. ಬಾಗಿದ ಕಪಿ ಹಂತ ಹಂತವಾಗಿ ನೆಟ್ಟಗಾಗುವ ಚಿತ್ರವನ್ನು ನೀವೂ ನೋಡಿರುತ್ತೀರಿ. ನನ್ನ ಮೊದಲ ಲಾಡಿ ಹಾಗೇ ಇತ್ತು, ತಪ್ಪಾಗಿತ್ತು.

ಬಣ್ಣದ ರಿಬ್ಬನ್‌ಗಳನ್ನು ಲಾಡಿಯ ಪಕ್ಕಕ್ಕೆ ಇಳಿಬಿಟ್ಟು ಹೊಲಿಯಿರಿ, ಮನುಷ್ಯರ ಒಂದೊಂದು ಜೀವಜಾತಿಗೂ ಒಂದೊಂದು. ಹೋಮೋ ಇರೆಕ್ಟಸ್‌ಗೆ 19ನೇ ಮೀಟರಿನಿಂದ ಜಾವಾ ದ್ವೀಪದ ಕೊನೆಯ ಗುರುತಾದ ಸುಮಾರು 1 ಮೀಟರ್ 10 ಸೆಂ.ಮೀ. ತನಕ ಒಂದು. ನಿಯಾಂಡರ್ತಾಲರಿಗೆ ಸ್ಪೇನಿನ ಸೀಮಾ ದೆ ಲೊಸ್ ವೆಸೋಸ್ ಗುಹೆಯ ಹಳೆಯ ಮೂಳೆಗಳಿರುವ 4 ಮೀಟರ್ 30 ಸೆಂ.ಮೀ.ನಿಂದ ಸುಮಾರು 40 ಸೆಂ.ಮೀ. ತನಕ ಒಂದು. ಫ್ಲೋರೆಸ್ ದ್ವೀಪದ ಒಂದು ಮೀಟರ್ ಎತ್ತರದ ಪುಟ್ಟ ಮನುಷ್ಯರಿಗೆ ಒಂದು. ದಕ್ಷಿಣ ಆಫ್ರಿಕಾದ ಹೋಮೋ ನಲೇದಿಗೆ 3 ಮೀಟರ್ ಆಸುಪಾಸಿನಲ್ಲಿ ಒಂದು ಗಿಡ್ಡ ತುಂಡು. ಈಗ 3ನೇ ಮೀಟರಿನಿಂದ ಈಚೆ ಬೆರಳಾಡಿಸಿ ನೋಡಿ. ನಮ್ಮ ಜಾತಿಯ ಜೊತೆ ಎಷ್ಟು ರಿಬ್ಬನ್‌ಗಳು ಒಟ್ಟಿಗೆ ಬರುತ್ತಿವೆ! ಒಬ್ಬೊಬ್ಬರಾಗಿ ನಿಂತುಹೋಗಿ, ಲಾಡಿಯ ಕೊನೆಯಲ್ಲಿ ನಾವೊಬ್ಬರೇ ಉಳಿದಿದ್ದೇವೆ.

ಆದರೆ ಪೂರ್ತಿ ಹೋಗಲಿಲ್ಲ. ಸ್ವಾಂಟೆ ಪಾಬೊ ಮತ್ತು ಅವರ ತಂಡ 2010ರಲ್ಲಿ ನಿಯಾಂಡರ್ತಾಲರ ಡಿಎನ್‌ಎ ಓದಿ ತೋರಿಸಿದರು. ಆಫ್ರಿಕಾದ ಹೊರಗಿನ ಜನರೆಲ್ಲರಲ್ಲಿ ಶೇ. 1ರಿಂದ 2ರಷ್ಟು ಅವರದ್ದು. ಈ ಕೆಲಸಕ್ಕೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು. 50 ಸೆಂ.ಮೀ. ಹತ್ತಿರ ನಿಯಾಂಡರ್ತಾಲರ ರಿಬ್ಬನ್ನಿನಿಂದ ಲಾಡಿಗೆ ನೀಲಿ ದಾರದ ಒಂದೆಳೆ ಹಾಯಿಸಿ. ಸೈಬೀರಿಯಾದ ಡೆನಿಸೋವಾ ಗುಹೆಯ ಬೆರಳಿನ ಮೂಳೆಯೊಂದರ ಡಿಎನ್‌ಎಯಿಂದಲೇ ಪತ್ತೆಯಾದ ಡೆನಿಸೋವನರು ಎಂಬ ಇನ್ನೊಂದು ಬಗೆಯ ಮನುಷ್ಯರಿಗೂ ಒಂದೆಳೆ.

ಕಚ್ಚಾ ಹೊಲಿಗೆ ಏಕೆ ಬೇಕು ಎಂಬುದಕ್ಕೆ 3ನೇ ಮೀಟರಿನ ಚೀಟಿಯೇ ಸಾಕ್ಷಿ. ಮೊರಾಕ್ಕೋದ ಜೆಬೆಲ್ ಇರ್ಹೂದ್‌ನಲ್ಲಿ 1961ರಲ್ಲಿ ಗಣಿ ಕೆಲಸದವರಿಗೆ ಒಂದು ಬುರುಡೆ ಸಿಕ್ಕಿತು. ಸುಮಾರು 40,000 ವರ್ಷದ್ದು ಎಂದುಕೊಂಡರು. ಆಮೇಲೆ ಅಲ್ಲೇ ಮತ್ತೆ ಅಗೆದು, ಬೆಂಕಿಯಲ್ಲಿ ಬೆಂದ ಚಕಮಕಿ ಕಲ್ಲುಗಳ ಕಾಲವನ್ನು ಅಳೆದು, 2017ರಲ್ಲಿ ಪ್ರಕಟಿಸಿದ ವಯಸ್ಸು ಸುಮಾರು 3 ಲಕ್ಷ ವರ್ಷ. 40 ಸೆಂ.ಮೀ. ಹತ್ತಿರ ಹಚ್ಚಿದ್ದ ಚೀಟಿ ಒಂದೇ ಏಟಿಗೆ 3ನೇ ಮೀಟರಿಗೆ ಹೋಯಿತು. ಮುಖ ನಮ್ಮ ಹಾಗೆ, ಬುರುಡೆಯ ಹಿಂಭಾಗ ಮಾತ್ರ ಇನ್ನೂ ಉದ್ದ. ನಮ್ಮ ಜಾತಿಯ ಅತಿ ಹಳೆಯ ಗುರುತು ಈಗ ಅದೇ.

ಕೊಳೆತುಹೋದದ್ದನ್ನು ಮರೆಯಬೇಡಿ

ಇಷ್ಟು ಹೊಲಿದಾದ ಮೇಲೆ ನೋಡಿದರೆ ಲಾಡಿ ತುಂಬ ಕೆಂಪು, ಕಪ್ಪು. ಮೂಳೆ, ಕಲ್ಲು. ಶಿಲಾಯುಗ ಎಂಬ ಹೆಸರು ಬಂದದ್ದೇ ಹಾಗೆ. ಅವರು ಬರೀ ಕಲ್ಲನ್ನು ಬಳಸಿದರೆಂದಲ್ಲ, ಕಲ್ಲು ಮಾತ್ರ ಉಳಿಯಿತೆಂದು. ತೊಗಲು, ನಾರು, ಬುಟ್ಟಿ, ಹಗ್ಗ ಎಲ್ಲ ಮಣ್ಣಾದವು. ನನ್ನಂಥವಳಿಗೆ ಇದು ನೋವಿನ ವಿಷಯ. ಅದಕ್ಕೇ ಹಳದಿ ದಾರ.

ಬಟ್ಟೆಯೇ ಉಳಿಯದಿದ್ದಾಗ ಬಟ್ಟೆ ತೊಡಲು ಶುರುಮಾಡಿದ್ದು ಯಾವಾಗ ಎಂದು ಹೇಗೆ ತಿಳಿಯುವುದು? ಹೇನಿನಿಂದ. ತಲೆಯ ಹೇನು ಕೂದಲಲ್ಲಿರುತ್ತದೆ. ಬಟ್ಟೆಹೇನು ಬಟ್ಟೆಯ ಹೊಲಿಗೆ ಸಂದಿಯಲ್ಲೇ ಬಾಳುತ್ತದೆ, ಬಟ್ಟೆಯಿಲ್ಲದೆ ಅದಕ್ಕೆ ಮನೆಯಿಲ್ಲ. ಎರಡರ ಡಿಎನ್‌ಎ ಹೋಲಿಸಿ, ಅವು ಯಾವಾಗ ಬೇರೆಯಾದವೆಂದು ಲೆಕ್ಕ ಹಾಕಿ, 2011ರಲ್ಲಿ ಸುಮಾರು 1,70,000 ವರ್ಷ ಎಂದರು. ಲೆಕ್ಕಾಚಾರವಾದ್ದರಿಂದ 1 ಮೀಟರ್ 70 ಸೆಂ.ಮೀ.ಗೆ ಕಚ್ಚಾ ಹೊಲಿಗೆ. ಮೊರಾಕ್ಕೋದ ಇನ್ನೊಂದು ಗುಹೆಯಲ್ಲಿ ತೊಗಲು ಹದ ಮಾಡಲು ಬಳಸಿದ ಮೂಳೆಯ ಸಾಧನಗಳು ಸಿಕ್ಕಿವೆ, 1,20,000ದಿಂದ 90,000 ವರ್ಷ ಹಿಂದಿನವು.

ಫ್ರಾನ್ಸಿನ ಅಬ್ರಿ ದು ಮರಾಸ್ ಎಂಬಲ್ಲಿ ಒಂದು ಕಲ್ಲಿನ ಚಕ್ಕೆಗೆ ಅಂಟಿಕೊಂಡು ಸುಮಾರು 6 ಮಿಲಿಮೀಟರ್ ಹುರಿ ಸಿಕ್ಕಿತು. ಮರದ ಒಳತೊಗಟೆಯ ನಾರು. 41,000ದಿಂದ 52,000 ವರ್ಷ ಹಳೆಯದು, ನಿಯಾಂಡರ್ತಾಲರ ಕೈಕೆಲಸ. ಮೂರು ಎಳೆಗಳನ್ನು ಒಂದು ದಿಕ್ಕಿಗೆ ಹೊಸೆದು, ಆಮೇಲೆ ಮೂರನ್ನೂ ಸೇರಿಸಿ ಎದುರು ದಿಕ್ಕಿಗೆ ಹೊಸೆದಿದ್ದಾರೆ. ಹಾಗೆ ಮಾಡಿದರೇ ಹುರಿ ಬಿಚ್ಚಿಕೊಳ್ಳುವುದಿಲ್ಲ. ಇದನ್ನು ಓದಿದ ದಿನ ನನ್ನ ದಾರದ ರೀಲನ್ನು ಬೆಳಕಿಗೆ ಹಿಡಿದು ಎಳೆ ಬಿಡಿಸಿ ನೋಡಿದೆ. ಅದೇ ಹೊಸೆತ. ಮಗುವಿಗೂ ಒಂದು ತುಂಡು ದಾರ ಕೊಟ್ಟು ಎಳೆ ಬಿಡಿಸಲು ಹೇಳಿ, ಇನ್ನೊಂದು ತುಂಡನ್ನು ಈ ಚೀಟಿಯ ಪಕ್ಕ ಹೊಲಿಯಿರಿ.

40 ಸೆಂ.ಮೀ.ಗೆ ಸೈಬೀರಿಯಾದ ಕಣ್ಣುಳ್ಳ ಮೂಳೆ ಸೂಜಿ. ದಬ್ಬಳದಿಂದ ತೂತು ಕೊರೆದು ದಾರ ತೂರಿಸುವುದು ಮೊದಲಿನಿಂದಲೂ ಇತ್ತು, ಆದರೆ ಕಣ್ಣಿರುವ ಸೂಜಿ ತೂತನ್ನೂ ಮಾಡಿ ದಾರವನ್ನೂ ಒಯ್ಯುತ್ತದೆ. ಅದರ ಸುತ್ತಮುತ್ತಲೇ ಇಂಡೋನೇಷಿಯಾದ ಸುಲವೇಸಿಯ ಗುಹೆಯ ಚಿತ್ರ (51,200 ವರ್ಷ), ಫ್ರಾನ್ಸಿನ ಶೋವೆ ಗುಹೆಯ ಚಿತ್ರಗಳು (ಸುಮಾರು 36,000) ಬರುತ್ತವೆ. ಇಲ್ಲಿ ಚೀಟಿಗಳು ಒಂದರ ಮೇಲೊಂದು ಬೀಳತೊಡಗುತ್ತವೆ. ಎರಡನೆಯ ಲಾಡಿ ತೆಗೆಯುವ ಹೊತ್ತು ಬಂತು ಎಂದು ತಿಳಿಯಿರಿ.

ಎರಡನೆಯ ಲಾಡಿ: 12 ಮೀಟರ್

ಮೊದಲ ಲಾಡಿಯ ಕೊನೆಯ 12 ಸೆಂ.ಮೀ. ಹಿಡಿದು ತೋರಿಸಿ. ಬೇಸಾಯ, ಊರು, ನಗರ, ಅಕ್ಷರ, ರಾಜ್ಯ, ಸಾಮ್ರಾಜ್ಯ ಎಲ್ಲವೂ ಅದರೊಳಗೆ. ಬರವಣಿಗೆ ಕೊನೆಯ 5 ಸೆಂ.ಮೀ. ಚಿಲ್ಲರೆ. ಅದನ್ನು ನೂರು ಪಟ್ಟು ಹಿಗ್ಗಿಸಿ: 1 ಮೀಟರಿಗೆ 1,000 ವರ್ಷ, 1 ಮಿಲಿಮೀಟರಿಗೆ 1 ವರ್ಷ. ಈ ಲಾಡಿಯಲ್ಲಿ ಮಗುವಿನ ವಯಸ್ಸೂ ಕಾಣುತ್ತದೆ. ನನ್ನ ಮಗಳು ಆಗ 11 ಮಿಲಿಮೀಟರ್.

ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. "ಇಷ್ಟು ವರ್ಷಗಳ ಹಿಂದೆ" ಮತ್ತು "ಕ್ರಿ.ಪೂ." ಒಂದೇ ಅಲ್ಲ. ಕ್ರಿ.ಪೂ. 9500 ಅಂತ ಓದಿ 9 ಮೀಟರ್ 50ಕ್ಕೆ ಹೊಲಿದುಬಿಟ್ಟಿದ್ದೆ. ಅದಕ್ಕೆ ಇನ್ನೂ 2 ಮೀಟರ್ ಸೇರಬೇಕು. ಹಾಗೆ ಹದಿಮೂರು ಚೀಟಿ ಬಿಚ್ಚಿದೆ. ವೈಜ್ಞಾನಿಕ ಲೇಖನಗಳಲ್ಲಿ ಇಂಗಾಲದ ಕಾಲವನ್ನು 1950ರಿಂದ ಹಿಂದಕ್ಕೆ ಎಣಿಸುತ್ತಾರೆ, ಅದೂ ನೆನಪಿರಲಿ.

11 ಮೀಟರ್ 50ಕ್ಕೆ ಟರ್ಕಿಯ ಗೊಬೆಕ್ಲಿ ತೆಪೆ. ಐದೂವರೆ ಮೀಟರ್ ತನಕ ಎತ್ತರದ ಕಂಬಗಳು, ಮೈಮೇಲೆ ನರಿ, ಹಾವು, ರಣಹದ್ದುಗಳ ಕೆತ್ತನೆ. ಕಟ್ಟಿದವರು ಕಾಡು ಕಾಳನ್ನು ಕೊಯ್ದು, ಜಿಂಕೆ ಬೇಟೆಯಾಡಿ ಬದುಕಿದವರು. ಮೊದಲು ಬೇಸಾಯ, ಆಮೇಲೆ ಊರು, ಆಮೇಲೆ ದೊಡ್ಡ ಕಟ್ಟಡ ಎಂದು ನಾವು ಕಲಿತ ಸಾಲು ಇಲ್ಲಿ ನಿಲ್ಲುವುದಿಲ್ಲ.

10 ಮೀಟರ್ 50ರ ಸುತ್ತ ಹಸಿರು ದಾರ, ಪಶ್ಚಿಮ ಏಷ್ಯಾದ ಗೋಧಿ, ಬಾರ್ಲಿ. ಕಾಡು ಗೋಧಿಯ ತೆನೆ ಮಾಗಿದಾಗ ತಾನೇ ಉದುರುತ್ತದೆ. ಉದುರದೆ ನಿಂತ ತೆನೆಯೇ ಕೊಯ್ಯುವವರ ಕೈಗೆ ಹೆಚ್ಚು ಸಿಕ್ಕಿ, ಅದೇ ಮತ್ತೆ ಬಿತ್ತನೆಯಾಗಿ, ನಿಧಾನವಾಗಿ ಮನುಷ್ಯರಿಲ್ಲದೆ ಹರಡಲಾರದ ಗಿಡವಾಯಿತು. ಸಾವಿರ, ಎರಡು ಸಾವಿರ ವರ್ಷ ಹಿಡಿದ ಕೆಲಸ. ಹಾಗಾಗಿ ಚೀಟಿ ಬೇಡ, ಒಂದು ಮೀಟರಿಗೂ ಉದ್ದದ ಹಸಿರು ಪಟ್ಟಿಯೇ ಇರಲಿ. ಚೀನಾದ ನದೀ ಬಯಲುಗಳಲ್ಲಿ ಭತ್ತ ಮತ್ತು ನವಣೆ, ಮೆಕ್ಸಿಕೋದಲ್ಲಿ ಟಿಯೊಸಿಂಟೆ ಎಂಬ ಹುಲ್ಲಿನಿಂದ ಬಂದ ಮೆಕ್ಕೆಜೋಳ, ಆಂಡಿಸ್ ಬೆಟ್ಟಗಳಲ್ಲಿ ಆಲೂಗಡ್ಡೆ, ನ್ಯೂಗಿನಿಯಲ್ಲಿ ಬಾಳೆ. ಇವರು ಯಾರೂ ಒಬ್ಬರನ್ನೊಬ್ಬರು ನೋಡಿ ಕಲಿತವರಲ್ಲ. ಒಂದೊಂದಕ್ಕೂ ಬೇರೆ ಹಸಿರು ಪಟ್ಟಿ ಹಚ್ಚಿ.

9ನೇ ಮೀಟರಿನ ಹತ್ತಿರ ಟರ್ಕಿಯಲ್ಲಿ ಬೀದಿಗಳೇ ಇಲ್ಲದೆ ಮಾಳಿಗೆಯಿಂದ ಮನೆಯೊಳಗೆ ಇಳಿಯುತ್ತಿದ್ದ ಚತಲ್‌ಹೊಯುಕ್ ಮತ್ತು ಬಲೂಚಿಸ್ತಾನದ ಮೆಹರ್‌ಗಢ. ಮೆಹರ್‌ಗಢದಲ್ಲಿ ಜೀವಂತ ಮನುಷ್ಯರ ಹಲ್ಲನ್ನು ಚಕಮಕಿ ಕಲ್ಲಿನ ಮೊನೆಯಿಂದ ಕೊರೆದ ಗುರುತುಗಳಿವೆ. ತಾಮ್ರದ ಮಣಿಯೊಂದರೊಳಗೆ ಹತ್ತಿಯ ನೂಲೂ ಸಿಕ್ಕಿದೆ. ಲೋಹದ ಉಪ್ಪು ಹತ್ತಿದ್ದರಿಂದ ಕೊಳೆಯದೆ ಉಳಿಯಿತು. ಹಳದಿ ದಾರ ಇಲ್ಲಿ ಧಾರಾಳವಾಗಿರಲಿ.

5 ಮೀಟರ್ 30ರಿಂದ 5 ಮೀಟರ್ 20ರೊಳಗೆ ಇರಾಕಿನ ಉರುಕ್ ನಗರದ ಮಣ್ಣಿನ ಹಲಗೆಗಳು. ಮೊದಲ ಅಕ್ಷರಗಳಲ್ಲಿ ಇರುವುದು ಕಥೆಯಲ್ಲ, ಹಾಡಲ್ಲ. ಬಾರ್ಲಿ ಎಷ್ಟು, ಕುರಿ ಎಷ್ಟು, ಬಟ್ಟೆ ಎಷ್ಟು ಎಂಬ ಲೆಕ್ಕ. ಅದಕ್ಕೂ ಮೊದಲು ಸಾವಿರಾರು ವರ್ಷ ಸಣ್ಣ ಮಣ್ಣಿನ ಗುಂಡುಗಳಿಂದ ಲೆಕ್ಕವಿಟ್ಟಿದ್ದರು. ನಾನು ಅಳತೆ ಪುಸ್ತಕದಲ್ಲಿ ಯಾರಿಗೆ ಎಷ್ಟು ಎಂದು ಬರೆದಿಡುವ ಸಾಲುಗಳಂಥವೇ ಅವು. ಅದೇ ನಾಡಿನಲ್ಲಿ, ಕ್ರಿ.ಪೂ. 2100ರ ಸುಮಾರಿಗೆ, ರಾಜ್ಯದ ನೇಯ್ಗೆಮನೆಗಳಲ್ಲಿ ಸಾವಿರಾರು ಹೆಂಗಸರು ಬಾರ್ಲಿಯ ಕೂಲಿಗೆ ಉಣ್ಣೆ ನೂತು ನೇಯುತ್ತಿದ್ದರೆಂದು ಹಲಗೆಗಳೇ ಹೇಳುತ್ತವೆ. ನಾಗರಿಕತೆ ಎಂದರೆ ಗೋಪುರ, ರಾಜ ಎಂದು ಮಗು ಹೇಳಿದಾಗ ಈ ಚೀಟಿಯನ್ನು ತೋರಿಸಿ.

5 ಮೀಟರ್ 50ರಿಂದ 5 ಮೀಟರ್ 10ರ ನಡುವೆ ಒಂದು ಅಂಗಿ. ಈಜಿಪ್ಟಿನ ತರ್ಖಾನ್‌ನಲ್ಲಿ 1913ರ ಅಗೆತದಲ್ಲಿ ಒಂದು ಗೋರಿಯಿಂದ ಕೊಳಕು ಬಟ್ಟೆಯ ರಾಶಿ ಸಿಕ್ಕಿತ್ತು. 1977ರಲ್ಲಿ ಲಂಡನ್ನಿನಲ್ಲಿ ಅದನ್ನು ಶುಚಿ ಮಾಡಲು ಬಿಡಿಸಿದಾಗ ಒಳಗೆ ನೆರಿಗೆ ಹಿಡಿದ ಅಗಸೆ ನಾರಿನ ಅಂಗಿಯಿತ್ತು. ಇಂಗಾಲ-14 ಅಳೆದು 2016ರಲ್ಲಿ ಹೇಳಿದ ಕಾಲ ಕ್ರಿ.ಪೂ. 3482ರಿಂದ 3102ರೊಳಗೆ. ಅಂದರೆ 38 ಸೆಂ.ಮೀ. ಅಗಲದ ಅನುಮಾನ, ಅಷ್ಟುದ್ದದ ಹಳದಿ ಪಟ್ಟಿಯನ್ನೇ ಹೊಲಿಯಿರಿ. ಮೊಣಕೈಯಲ್ಲಿ, ಕಂಕುಳಲ್ಲಿ ಸುಕ್ಕುಗಳಿವೆ. ಯಾರೋ ತೊಟ್ಟು ಓಡಾಡಿದ ಅಂಗಿ. ತೋಳು ಕೂಡಿಸಿದ ಹೊಲಿಗೆಯ ಚಿತ್ರವನ್ನು ನಾನು ಎಷ್ಟು ಹೊತ್ತು ನೋಡಿದೆನೋ.

ಉಳಿದವು ಬೇಗ ಬೇಗ ಬರುತ್ತವೆ. 5 ಮೀಟರ್ 10ಕ್ಕೆ ಈಜಿಪ್ಟನ್ನು ಒಂದುಗೂಡಿಸಿದ ನಾರ್ಮರ್, 4 ಮೀಟರ್ 60ರ ಹತ್ತಿರ ಗೀಝಾದ ಮಹಾ ಪಿರಮಿಡ್. 4 ಮೀಟರ್ 60ರಿಂದ 3 ಮೀಟರ್ 90ರ ತನಕ ಹರಪ್ಪ, ಮೊಹೆಂಜೊದಾರೊ, ಧೋಲಾವೀರಾ. ದಪ್ಪ, ಅಗಲ, ಉದ್ದ 1:2:4ರ ಅಳತೆಯ ಇಟ್ಟಿಗೆ, ಊರೂರಿಗೂ ಒಂದೇ ತೂಕದ ಕಲ್ಲು, ಇವತ್ತಿಗೂ ಯಾರೂ ಓದಲಾಗದ ಲಿಪಿ. ಅದೇ ಹೊತ್ತಿಗೆ ಪೆರುವಿನ ಕರಾಲ್, ದಿಬ್ಬದಂಥ ಗುಡಿಗಳನ್ನು ಕಟ್ಟಿದವರು, ಮಡಕೆ ಮಾಡುತ್ತಿರಲಿಲ್ಲ. 3 ಮೀಟರ್ 25ರ ಸುಮಾರಿಗೆ ಚೀನಾದ ಅನ್ಯಾಂಗ್‌ನ ಮೂಳೆ ಮೇಲಿನ ಬರಹ, ಮೆಕ್ಸಿಕೋದ ಓಲ್ಮೆಕ್ ಜನ.

ಎಲ್ಲ ಹಚ್ಚಿದ ಮೇಲೆ "ಇದರಲ್ಲಿ ಯಾವುದು ನಾಗರಿಕತೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಪುರಾತತ್ವಜ್ಞ ಗಾರ್ಡನ್ ಚೈಲ್ಡ್ 1950ರಲ್ಲಿ ನಗರಕ್ಕೆ ಹತ್ತು ಲಕ್ಷಣ ಹೇಳಿದರು, ಬರಹವೂ ಅದರಲ್ಲೊಂದು. ಆ ಪಟ್ಟಿಯನ್ನು ಹಿಡಿದು ಚೀಟಿಗಳನ್ನು ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ, ಎಲ್ಲಿ ಪಟ್ಟಿ ಸೋಲುತ್ತದೆಂದು ಗೊತ್ತಾಗಲಿಕ್ಕೆ. ಸಿಂಧೂ ನಗರಗಳಲ್ಲಿ ಇದು ಅರಮನೆ, ಇವನು ರಾಜ ಎಂದು ಗಟ್ಟಿಯಾಗಿ ತೋರಿಸಲು ಏನೂ ಸಿಕ್ಕಿಲ್ಲ. ಬಹಳ ಈಚೆಗೆ, 50 ಸೆಂ.ಮೀ.ಗೆ ಬರುವ ಇಂಕಾಗಳು ದೊಡ್ಡ ಸಾಮ್ರಾಜ್ಯ ಆಳಿದ್ದು ಅಕ್ಷರದಿಂದಲ್ಲ, ದಾರದ ಗಂಟುಗಳಿಂದ. ಖಿಪು ಎಂಬ ಆ ದಾರಗೊಂಚಲಿನಲ್ಲಿ ಗಂಟಿನ ಬಗೆ, ಅದು ಬಿದ್ದ ಜಾಗ ನೋಡಿ ಬಿಡಿ, ಹತ್ತು, ನೂರರ ಲೆಕ್ಕ ಓದುತ್ತಿದ್ದರು. ಈ ಚೀಟಿಗೆ ನಾನು ಅಕ್ಷರ ಬರೆಯಲಿಲ್ಲ. ಒಂದು ಹಳದಿ ದಾರದಲ್ಲಿ ಗಂಟು ಹಾಕಿ 500 ಎಂದು ತೋರಿಸಿದ್ದೇನೆ.

ಸುತ್ತಿಡುವ ಬಗೆ

ರಟ್ಟಿನ ಹಲಗೆಗೆ ಸುತ್ತಿ ಇಡಿ. ಇವತ್ತಿನ ತುದಿಯಿಂದ ಸುತ್ತಲು ಶುರುಮಾಡಿ, ಅದು ಒಳಗೆ ಹೋಗಲಿ, 70ನೇ ಮೀಟರಿನ ತುದಿ ಹೊರಗಿರಲಿ. ಮೊದಲು ನಾನು ತಿರುಗಿಸಿ ಸುತ್ತಿದ್ದೆ. ತೆಗೆದವರೆಲ್ಲ ಪಿರಮಿಡ್ಡಿನ ತನಕ ಬಿಚ್ಚಿ, ನೋಡಿ, ಹಾಗೇ ಸುತ್ತಿಟ್ಟುಬಿಡುತ್ತಿದ್ದರು. ಈಗ ಚಾಡ್‌ನ ಬುರುಡೆಯಿಂದಲೇ ಬಿಚ್ಚಬೇಕು.

ವರ್ಷಕ್ಕೊಮ್ಮೆಯಾದರೂ ಲಾಡಿಯನ್ನು ಪೂರ್ತಿ ಹಾಸಿ, ಕಚ್ಚಾ ಹೊಲಿಗೆಯ ಚೀಟಿಗಳನ್ನು ಒಂದೊಂದಾಗಿ ಓದಿ. ಯಾವುದರ ಬಗ್ಗೆ ಹೊಸದಾಗಿ ಏನಾದರೂ ಪ್ರಕಟವಾಗಿದ್ದರೆ ಬಿಚ್ಚಿ, ಸರಿಯಾದ ಜಾಗಕ್ಕೆ ಹಚ್ಚಿ, ಹಳೆಯ ಜಾಗದಲ್ಲಿ ಸೂಜಿ ಬಿಟ್ಟ ಸಣ್ಣ ತೂತುಗಳನ್ನು ಹಾಗೇ ಬಿಡಿ. ನನ್ನ ಲಾಡಿಯಲ್ಲಿ 40 ಸೆಂ.ಮೀ. ಹತ್ತಿರ ಅಂಥ ತೂತುಗಳಿವೆ, ಜೆಬೆಲ್ ಇರ್ಹೂದ್ ಇದ್ದ ಜಾಗ. ಮಗಳು ಅಲ್ಲಿಗೆ ಬಂದಾಗಲೆಲ್ಲ ಬೆರಳಿಟ್ಟು, ಆಮೇಲೆ ಎದ್ದು 3ನೇ ಮೀಟರಿನ ತನಕ ನಡೆದು ಹೋಗುತ್ತಾಳೆ.